ಪೆಲೆ ಪ್ರತಿಮೆ ಇದೆ, ಕಾಯಂ ಕೆಲಸ ಎಲ್ಲಿ?



ಬೆಂಗಳೂರಿನ ಹಲಸೂರು ಹತ್ರದ ಗೌತಮಪುರಕ್ಕೆ ಹೋಗಿ ನೋಡಿ. ಬುದ್ಧ, ಬಾಬಾಸಾಹೇಬರ ಜೊತೆಗೇ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯೂ ಇದೆ. ನಮ್ಮ ಜನರ ಕೇರಿ ಅದು.

ಅಲ್ಲಿನ ಎಷ್ಟೋ ಹುಡುಗರು ಎಚ್‌ಎಎಲ್, ಐಟಿಐನಂಥ ಸರ್ಕಾರಿ ಕಾರ್ಖಾನೆ ತಂಡಗಳಿಗೆ ಆಡೋ ಕನಸು ಕಂಡೋರು. ದೊಡ್ಡ ಹೆಸರು ಬರದಿದ್ರೂ ತಿಂಗಳ ಸಂಬಳ ಇತ್ತು. ಕಾಲು ಸೋತ ಮೇಲೂ ಕೆಲಸ ಉಳೀತಿತ್ತು.

2010ರಲ್ಲಿ ಎಚ್‌ಎಎಲ್ ತಂಡ ಐ-ಲೀಗ್‌ಗೇ ಏರಿತು, 2012ರಲ್ಲಿ ಕೆಳಗಿಳೀತು. ಈಗ ಕೆಳಗಿನ ಲೀಗ್ ಆಟಗಾರನಿಗೆ ಹೆಚ್ಚಾಗಿ ಸಿಗೋದು ಒಂದು ಸೀಸನ್ನಿನ ಕರಾರು. ಅದು ಮುಗಿದ್ರೆ ಇನ್ನೊಂದು ಕ್ಲಬ್ಬಿನ ಬಾಗಿಲು. ಮಂಡಿ ಹೋದ್ರೆ ಸೀದಾ ಮನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಟೂರ್ನಮೆಂಟ್ ಮಾಡಿ ಕಪ್ ಹಂಚೋ ನಾಯಕರೇ, ಫೋಟೊ ಸಾಕು. ಕ್ರೀಡಾ ಕೋಟಾದಲ್ಲಿ ಕಾಯಂ ಕೆಲಸ ಕೊಡ್ಸಿ. ಆಟ ಮುಗಿದ ಮೇಲೂ ಹೊಟ್ಟೆ ಇರ್ತದೆ.