ಹಳೆಯ ಟ್ರಾನ್ಸ್‌ಫಾರ್ಮರೂ ನಮ್ಮ ಎಚ್ಚರವೂ



ಮುಂಬಯಿಯ ಗುಜರಿ ಅಂಗಡಿಗಳಲ್ಲಿ ಹಳೆಯ ಯಂತ್ರಗಳಿಂದ ಕಳಚಿದ ಟ್ರಾನ್ಸ್‌ಫಾರ್ಮರುಗಳು ಅಗ್ಗವಾಗಿ ದೊರೆಯುತ್ತವೆ. ಅವುಗಳನ್ನು ಜೋಡಿಸಿ ಬೆಸುಗೆಯಂತ್ರ ಮೊದಲಾದ ಉಪಕರಣಗಳನ್ನು ಸ್ವತಃ ರಚಿಸಿಕೊಳ್ಳುವ ಹವ್ಯಾಸವು ಮೆಚ್ಚತಕ್ಕದ್ದೇ. ಆದರೆ ಅರಿಯದೆ ತಂತಿ ಜೋಡಿಸುವುದು ಅವಿವೇಕವೆಂಬುದು ನನ್ನ ದೃಢವಾದ ಅಭಿಪ್ರಾಯ.

1831ರಲ್ಲಿ ಮೈಕೇಲ್ ಫ್ಯಾರಡೆಯು ಕಬ್ಬಿಣದ ಬಳೆಯೊಂದಕ್ಕೆ ಎರಡು ಸುರುಳಿಗಳನ್ನು ಸುತ್ತಿ ಕಂಡುಕೊಂಡ ತತ್ತ್ವವೇ ಇದರ ಮೂಲ. 12 ವೋಲ್ಟಿನ ಎರಡು ಹೊರಸುರುಳಿಗಳನ್ನು ಸರಣಿಯಲ್ಲಿ ಸರಿಯಾಗಿ ಜೋಡಿಸಿದರೆ 24 ವೋಲ್ಟು ದೊರೆಯುವುದು. ಒಂದರ ತುದಿಗಳು ಅದಲುಬದಲಾದರೆ ಶೂನ್ಯವೇ ಫಲ. ಅದೇ ತಪ್ಪು ಸಮಾಂತರ ಜೋಡಣೆಯಲ್ಲಾದರೆ ಸುರುಳಿಗಳು ಕಾದು ಸುಟ್ಟುಹೋಗುವುವು.

ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರಂತೂ ಮೃತ್ಯುಸದೃಶವಾದುದು. ಅದರ ಹೊರಸುರುಳಿಯಲ್ಲಿ ಸುಮಾರು 2000 ವೋಲ್ಟು ಇರುವುದು. ಮನೆಯ ಫ್ಯೂಸು ಹಾರುವ ಮುನ್ನವೇ ಪ್ರಾಣ ಹಾರಬಹುದು. ಅದರಿಂದ ಮರದ ಮೇಲೆ ಚಿತ್ತಾರ ಸುಡಲು ಹೋಗಿ ಅಮೆರಿಕೆಯಲ್ಲಿ ಅನೇಕ ಹವ್ಯಾಸಿಗಳು ಮಡಿದಿದ್ದಾರೆ. ಅದನ್ನು ನೀವು ಮುಟ್ಟಲೇಕೂಡದು.

ಬೇಡವೆಂದಷ್ಟೇ ಗದರಿಸಿದರೆ ಮಕ್ಕಳು ಮನೆಯ ಮೂಲೆಯಲ್ಲಿ ಗುಟ್ಟಾಗಿ ಪ್ರಯೋಗ ಮಾಡುವರು. ಆದುದರಿಂದ ಪ್ರತಿಯೊಂದು ಶಾಲೆಯಲ್ಲಿಯೂ ಇದಕ್ಕೊಂದು ಮೇಜು, ಒಂದು ಮೀಟರು, ತಿಳಿದ ಶಿಕ್ಷಕರೊಬ್ಬರು ಇರಲೇಬೇಕು. ಮೊದಲು ಲೆಕ್ಕ, ಬಳಿಕ ಅಳತೆ, ಕೊನೆಗೆ ಕೈಕೆಲಸ. ಈ ಕ್ರಮವನ್ನು ಮರೆಯದಿರಿ.