ಐದು ಗಂಟೆಗೆ ಬಂದವರ ಕೂಲಿ

ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಶಿವಮೊಗ್ಗದಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಯ ಮುಂದೆ ಅರ್ಪಿಸುತ್ತಾರೆ. ಹಬ್ಬದ ದಿನ ಫಾದರ್ ಆಶೀರ್ವದಿಸಿ ಕೊಟ್ಟ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಮುಗಿಸಿ ಎಲ್ಲರಿಗೂ ಹಂಚುತ್ತಾರೆ. ಅವತ್ತು ಮೀನು-ಮಾಂಸ ಇಲ್ಲ, ಬಾಳೆ ಎಲೆಯ ಮೇಲೆ ತರಕಾರಿ ಊಟ. ಗಲ್ಫಿನಲ್ಲಿರುವ ಮಗನಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುವುದೂ ಉಂಟು. ಹಬ್ಬದ ಈ ಹಂಚಿಕೆಯಲ್ಲಿ ದುಡಿದು ತರುವವನಿಗೆ ಒಂದು ಚಮಚ ಹೆಚ್ಚು, ಹಾಸಿಗೆ ಹಿಡಿದ ಅಜ್ಜನಿಗೆ ಒಂದು ಚಮಚ ಕಡಿಮೆ ಎಂಬ ಲೆಕ್ಕವಿಲ್ಲ.

ಕರಾವಳಿಯಲ್ಲಿ ಆ ಹೊತ್ತಿಗೆ ಏಣೆಲು ಬೆಳೆ ತೆನೆ ಬಿಟ್ಟಿರುತ್ತದೆ. ತುಂಗೆಯ ದಡದ ನಮ್ಮ ಗದ್ದೆಗಳಲ್ಲಿ ಆಗಿನ್ನೂ ಬರೀ ಹಸಿರು. ಇಲ್ಲಿನ ನೆಲ ತನ್ನ ಹಬ್ಬಕ್ಕೆ ಬೇರೆ ದಿನ ಇಟ್ಟುಕೊಂಡಿದೆ. ಆಶ್ವಯುಜದ ಹುಣ್ಣಿಮೆಗೆ, ಭತ್ತ ಹೊಡೆ ತುಂಬುವ ಕಾಲಕ್ಕೆ, ಮಲೆನಾಡಿನ ರೈತರು ಭೂಮಿ ತಾಯಿಗೆ ಸೀಮಂತ ಮಾಡುತ್ತಾರೆ. ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬಸುರಿಯ ಬಯಕೆ ತೀರಿಸುವಂತೆ ಪೈರಿಗೆ ಉಣಿಸಿದ ಮೇಲೆಯೇ ಮನೆಯವರ ಊಟ. ನನ್ನ ನಂಬಿಕೆ ಭೂಮಿಯನ್ನು ದೇವಿ ಎನ್ನುವುದಿಲ್ಲ, ದೇವರ ಕೈಕೆಲಸ ಎನ್ನುತ್ತದೆ. ಆ ಅಂತರವನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ಆದರೂ ಉಣ್ಣುವ ಮೊದಲು ಕೊಟ್ಟವರನ್ನು ನೆನೆಯುವ ನಡತೆಯನ್ನು ಆ ಗದ್ದೆಯ ಬದುವಿನ ಮೇಲೆ ನಿಂತು ನೋಡಿದ ಯಾವ ಕ್ರೈಸ್ತನಿಗೂ ತನ್ನ ಮನೆಯ ಊಟದ ಪ್ರಾರ್ಥನೆ ಇನ್ನಷ್ಟು ಗಟ್ಟಿಯಾಗಬೇಕು.

ನಜರೇತಿನ ಯೇಸು ಬೋಧನೆಗೆ ಆರಿಸಿಕೊಂಡದ್ದು ಹೆಚ್ಚಾಗಿ ಇಂಥ ಸಂಗತಿಗಳನ್ನೇ. ಹಿಟ್ಟಿಗೆ ಹುಳಿ ಬೆರೆಸುವ ಹೆಂಗಸು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವವಳು, ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಕೋಳಿ, ಸಾಸಿವೆ ಕಾಳು, ಬಲೆ, ಅಂಜೂರದ ಮರ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರತಂದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಯೇಸುವಿನ ನೋಟ ಎಂಬ ಒಂದು ಭಾಗವೇ ಇದೆ. ಪ್ರಕೃತಿಯನ್ನು ಆತ ಎಷ್ಟು ಅಕ್ಕರೆಯಿಂದ, ಎಷ್ಟು ಗಮನವಿಟ್ಟು ನೋಡುತ್ತಿದ್ದ ಎಂಬುದೇ ಅಲ್ಲಿನ ವಿಷಯ. ಆ ಗಮನ ನಮ್ಮ ಅನೇಕ ಪ್ರಸಂಗಗಳಲ್ಲಿ ಕಾಣುವುದಿಲ್ಲ ಎಂಬುದು ನನ್ನ ಕೊರಗು. ಹಕ್ಕಿ, ಹೂವು, ತಾಯಿಯ ಪ್ರೀತಿ ಎಂದು ಒಂದೊಂದು ಸಾಲು ಹೇಳಿ, ಮೊದಲೇ ಸಿದ್ಧವಾಗಿದ್ದ ನೀತಿಗೆ ಹಾರಿಬಿಡುತ್ತೇವೆ. ಹಕ್ಕಿಯನ್ನು ನೋಡಿರುವುದಿಲ್ಲ.

ಬಿತ್ತುವವನ ಸಾಮತಿಯನ್ನೇ ತೆಗೆದುಕೊಳ್ಳಿ. ಗಲಿಲೇಯದ ರೈತ ಬೀಜ ಎರಚುತ್ತ ಹೋದ. ಕೆಲವು ದಾರಿಯಲ್ಲಿ, ಕೆಲವು ಬಂಡೆಯ ಮೇಲೆ, ಕೆಲವು ಮುಳ್ಳಿನಲ್ಲಿ ಬಿದ್ದವು. ಮಲೆನಾಡಿನಲ್ಲಿ ಗದ್ದೆ ಮಾಡುವವರಿಗೆ ಈ ಕತೆ ವಿಚಿತ್ರವಾಗಿ ಕೇಳಿಸಬೇಕು, ಕೇಳಿಸದಿದ್ದರೆ ಅವರು ಗಮನವಿಟ್ಟು ಕೇಳಿಲ್ಲ. ಇಲ್ಲಿ ಬೀಜದ ಭತ್ತ ನೆನೆಹಾಕಿ, ಮೊಳಕೆ ಬರಿಸಿ, ನುಣ್ಣಗೆ ಮಾಡಿದ ಮಡಿಯಲ್ಲಿ ಅಗೆ ಹಾಕುತ್ತಾರೆ. ಮೂರ್ನಾಲ್ಕು ವಾರ ಕಳೆದ ಮೇಲೆ ಅಗೆ ಕಿತ್ತು, ಕಟ್ಟು ಕಟ್ಟಿ, ಕೆಸರಿನಲ್ಲಿ ಬೆನ್ನು ಬಗ್ಗಿಸಿ ಒಂದೊಂದೇ ನಾಟಿ ಮಾಡುತ್ತಾರೆ. ಇಂಥ ಕೈಗಳಿಗೆ ದಾರಿಯಲ್ಲಿ ಬೀಜ ಚೆಲ್ಲುವವನು ದುಂದುಗಾರ. ನನಗೆ ಆ ಕತೆಯ ಕೀಲು ಇಲ್ಲೇ ಇದೆ ಅನ್ನಿಸುತ್ತದೆ. ನಾವು ಫಲ ಕೊಡುವ ನೆಲ ಯಾವುದೆಂದು ನೋಡಿಕೊಂಡು ಬೀಜ ಹಾಕುತ್ತೇವೆ, ಪ್ರೀತಿಯನ್ನೂ ಹಾಗೇ ಹಾಕುತ್ತೇವೆ. ಆ ಬಿತ್ತುವವನಿಗೆ ಬಂಡೆಯೂ ತನ್ನದೇ ಹೊಲ. ನಾಟಿ ಮಾಡುವ ಜನಕ್ಕೆ ಹೊಳೆಯುವಷ್ಟು ಚುರುಕಾಗಿ ಇದು ಗೋಧಿ ನಾಡಿನವರಿಗೂ ಹೊಳೆಯಲಾರದು.

ಬೋಧಿಸುವವರಿಗೆ ಕೇಳುವವರ ಬದುಕು ಗೊತ್ತಿರಬೇಕು ಎಂಬ ಮಾತನ್ನು ಕನ್ನಡದಲ್ಲಿ ಬಾಳಿ ತೋರಿಸಿದವರು ಬಾಸೆಲ್ ಮಿಷನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪ. ಊರೂರು ತಿರುಗಿ ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಅವರ ದಾರಿಯಲ್ಲಿ ನಡೆಯುವವರು ಇವತ್ತು ಕಡಿಮೆ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ಬಿತ್ತದ, ಕೊಯ್ಯದ, ಕಣಜ ತುಂಬದ ಹಕ್ಕಿಗಳನ್ನು ನೋಡಿ ಎಂದ ಯೇಸುವಿನ ಮಾತು ಎಲ್ಲರಿಗೂ ಗೊತ್ತು. ಚಿಂತೆ ಬಿಡಿ, ದೇವರು ಕೊಡುತ್ತಾನೆ ಎಂದು ಅದನ್ನು ಬಡವರಿಗೆ ಹೇಳುವುದು ಸುಲಭ. ಹಾಗೆ ಹೇಳುವವರು ಮಳೆಗಾಲದಲ್ಲಿ ಒಮ್ಮೆ ತೀರ್ಥಹಳ್ಳಿ ರಸ್ತೆ ಹಿಡಿದು ಮಂಡಗದ್ದೆಗೆ ಹೋಗಬೇಕು; ಶಿವಮೊಗ್ಗದಿಂದ ಸುಮಾರು ಮೂವತ್ತು ಕಿಲೋಮೀಟರ್. ತುಂಗೆಯ ನಡುಗಡ್ಡೆಗಳ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ಕೆಂಪು ನೀರು ಬುಡ ಮುಟ್ಟಿ ಹರಿಯುತ್ತಿರುತ್ತದೆ, ಮೇಲೆ ಮರಿಗಳು ಬಾಯಿ ತೆರೆದು ಕೂಗುತ್ತಿರುತ್ತವೆ. ತಂದೆ ತಾಯಿ ಹಕ್ಕಿಗಳಿಗೆ ಪುರಸೊತ್ತಿಲ್ಲ. ಕಡ್ಡಿ ತರಬೇಕು, ಮೀನು ತರಬೇಕು, ಒಂದು ಹೋದರೆ ಇನ್ನೊಂದು ಗೂಡು ಕಾಯಬೇಕು. ಅವು ಬಿತ್ತುವುದಿಲ್ಲ ನಿಜ, ಆದರೆ ಅಷ್ಟು ದುಡಿಯುವ ಜೀವಿಗಳನ್ನು ನಾನು ಕಂಡದ್ದು ಕಡಿಮೆ. ಯೇಸು ಬಿಡಿ ಎಂದದ್ದು ಚಿಂತೆಯನ್ನು. ದುಡಿಮೆಯನ್ನು ಬಿಡಿ ಎನ್ನಲಿಲ್ಲ. ಇನ್ನೂ ಒಂದು ಸಂಗತಿ ಇದೆ. ನೀರುಕಾಗೆ ನಾಳೆಗೆಂದು ಪಕ್ಕದ ಗೂಡಿನ ಮೀನನ್ನೂ ಗುಡ್ಡೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಆ ಮಾತನ್ನು ಮೊದಲು ಕೇಳಬೇಕಾದವರು ಕಣಜ ಇದ್ದವರು. ಹಸಿದವನಿಗೆ ಹಕ್ಕಿಯ ಪಾಠ ಹೇಳುವ ಹಕ್ಕು, ಅವನ ಜೊತೆ ಹಂಚಿಕೊಂಡು ಉಂಡವರಿಗೆ ಮಾತ್ರ.

ಇಷ್ಟು ಹೇಳಿದ್ದು ಭದ್ರಾವತಿಯ ಬಗ್ಗೆ ಮಾತಾಡುವುದಕ್ಕೆ.

ಬೆಂಕಿಪುರ ಎಂಬ ಹಳೆಯ ಹೆಸರಿನ ಆ ಊರಿನಲ್ಲಿ ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ಕೆಲಸ ಹುಡುಕಿಕೊಂಡು ತಮಿಳುನಾಡು, ಆಂಧ್ರ, ಕೇರಳ, ಕರಾವಳಿಯಿಂದ ಜನ ಬಂದರು. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಕಾರ್ಖಾನೆಯ ಸೈರನ್ನಿಗೆ ಮನೆಯ ಗಡಿಯಾರ ಹೊಂದಿಕೊಂಡಿತು. ಅಪ್ಪನ ಪಾಳಿ ನೋಡಿಕೊಂಡು ಸಂಜೆಯ ಜಪಸರದ ಹೊತ್ತು ಗೊತ್ತಾಗುತ್ತಿತ್ತು. ಕಾಗದದ ಕಾರ್ಖಾನೆ ಮೊದಲೇ ನಿಂತಿತ್ತು. 2023ರ ಜನವರಿಯಲ್ಲಿ, ಕಬ್ಬಿಣದ ಕಾರ್ಖಾನೆಗೆ ನೂರು ತುಂಬುವ ವರ್ಷದಲ್ಲೇ, ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕೂತರು. ಆಮೇಲೆ ಅದೇ ವರ್ಷ ಬಾರ್ ಮಿಲ್ಲಿನಲ್ಲಿ ಮತ್ತೆ ಕೆಲಸ ಶುರುವಾಯಿತಾದರೂ ಗುತ್ತಿಗೆಯವರ ಆತಂಕ ತೀರಲಿಲ್ಲ.

ಆ ವರ್ಷ ಸೆಪ್ಟೆಂಬರ್ 24ರ ಭಾನುವಾರ ಜಗತ್ತಿನ ಲ್ಯಾಟಿನ್ ವಿಧಿಯ ಕಥೋಲಿಕ ಚರ್ಚುಗಳಲ್ಲಿ ಓದಿದ್ದು ದ್ರಾಕ್ಷಿತೋಟದ ಕೂಲಿಗಳ ಸಾಮತಿ. ಭದ್ರಾವತಿಗೆಂದು ಯಾರೂ ಆರಿಸಿದ್ದಲ್ಲ; ಮೂರು ವರ್ಷದ ಸರದಿಯಲ್ಲಿ ಬರುವ ಪಾಠ. ತೋಟದ ಒಡೆಯ ಬೆಳಗಿನ ಜಾವ ಕೆಲವರನ್ನು ಕೂಲಿಗೆ ಕರೆದ, ಒಂಬತ್ತಕ್ಕೆ ಕೆಲವರನ್ನು, ಮಧ್ಯಾಹ್ನ, ಮೂರಕ್ಕೆ ಮತ್ತೆ ಕೆಲವರನ್ನು. ಸಂಜೆ ಐದಕ್ಕೂ ಪೇಟೆಯಲ್ಲಿ ಜನ ನಿಂತೇ ಇದ್ದರು. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು ಕೇಳಿದರೆ, ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂಬ ಉತ್ತರ. ಅವರನ್ನೂ ಕರೆದ. ಬಟವಾಡೆಯಲ್ಲಿ ಎಲ್ಲರಿಗೂ ಒಂದೊಂದು ದಿನಾರಿ, ಆ ಕಾಲದ ಪೂರ್ತಿ ಒಂದು ದಿನದ ಕೂಲಿ. ಬಿಸಿಲಲ್ಲಿ ಬೆಂದವರು ಗೊಣಗಿದರು.

ಈ ಕತೆಗೆ ಸ್ವರ್ಗದ ಅರ್ಥ ಹಚ್ಚಿ, ಕೊನೆಗಳಿಗೆಯಲ್ಲಿ ಪಶ್ಚಾತ್ತಾಪ ಪಟ್ಟವನಿಗೂ ಮೋಕ್ಷ ಉಂಟು ಎಂದು ಹೇಳುವುದು ರೂಢಿ. ಆ ಅರ್ಥ ಸುಳ್ಳಲ್ಲ. ಆದರೆ ದಿನಾರಿಯನ್ನು ಅಷ್ಟು ಬೇಗ ಮೇಲಕ್ಕೆ ಹಾರಿಸಬಾರದು. ಒಂದು ಸಂಸಾರ ಒಂದು ದಿನ ಉಣ್ಣಲು ಬೇಕಾದ ದುಡ್ಡು ಅದು. ಐದು ಗಂಟೆಗೆ ಬಂದವನ ಮಕ್ಕಳ ಹಸಿವು ಗಂಟೆಯ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ. ತಿಂಗಳಲ್ಲಿ ಕೆಲವೇ ದಿನ ಕೆಲಸ ಸಿಗುವ ಗುತ್ತಿಗೆ ಕಾರ್ಮಿಕನ ಹೆಂಡತಿಗೆ ಇದನ್ನು ವಿವರಿಸಬೇಕಿಲ್ಲ. ಅವಳ ಮನೆಯ ಅಕ್ಕಿ ಡಬ್ಬಕ್ಕೆ ತಿಂಗಳ ಮೂವತ್ತು ದಿನವೂ ಗೊತ್ತು.

ಒಡೆಯನ ನಡೆ ನಮಗೆ ಅನ್ಯಾಯದಂತೆ ಕಾಣುವುದು ಪೇಟೆಯ ಕಣ್ಣಿನಿಂದ ನೋಡುವುದರಿಂದ. ಅದೇ ನಡೆ ನಮ್ಮ ಮನೆಗಳಲ್ಲಿ ದಿನಾ ನಡೆಯುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವವರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಾರೆ, ರಾತ್ರಿಯವರೆಗೂ ಸುಲಿಯುತ್ತಾರೆ. ಅಲ್ಲಿ ಕೂಲಿ ಸುಲಿದ ಅಳತೆಗೆ. ಕೈ ಚುರುಕಾದ ಹುಡುಗಿಗೆ ಹೆಚ್ಚು, ಕಣ್ಣು ಮಂಜಾದ ಅಜ್ಜಿಗೆ ಕಡಿಮೆ. ಆದರೆ ನಡುವೆ ಚಹಾ ಬಂದಾಗ, ಊಟಕ್ಕೆ ಎದ್ದಾಗ, ಯಾರೂ ಅಳತೆ ಕೇಳುವುದಿಲ್ಲ. ಮನೆಯೊಡತಿ ಅಜ್ಜಿಗೆ ‘ಇನ್ನೊಂಚೂರು ಹಾಕ್ಕೊಳ್ಳಿ ಅಜ್ಜಿ’ ಎಂದು ಬಲವಂತ ಮಾಡಿ ಬಡಿಸುತ್ತಾಳೆ. ಪರೀಕ್ಷೆಯಲ್ಲಿ ಫೇಲಾಗಿ ಬಂದ ಮಗನಿಗೆ ಅವತ್ತು ಒಂದು ರೊಟ್ಟಿ ಕಡಿಮೆ ಮಾಡುವ ತಾಯಿ ನಮ್ಮಲ್ಲಿ ಇಲ್ಲ. ದುಡಿಮೆಗೆ ಬೆಲೆ ಇಲ್ಲವೆಂದು ಇದರರ್ಥವಲ್ಲ. ಬೆಳಗಿನಿಂದ ದುಡಿದವರಿಗೂ ಮಾತಾಡಿದ್ದಷ್ಟು ಪೂರ್ತಿ ಸಿಕ್ಕಿತ್ತು; ಯಾರ ಪಾಲನ್ನೂ ಒಡೆಯ ಕಸಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವ ಈ ನ್ಯಾಯವನ್ನು ಆತ ತೋಟದ ಗೇಟಿನವರೆಗೆ ತಂದ, ಅಷ್ಟೇ. ಕುಟುಂಬ ಎಂಬುದು ದೇವರು ಕೊಟ್ಟ ಶಾಲೆ ಎಂದು ಚರ್ಚು ಹೇಳುವಾಗ ನನಗೆ ಮೊದಲು ನೆನಪಾಗುವ ಪಾಠ ಇದೇ.

ಸರದಿಯ ಪ್ರಕಾರ ಈ ಸಾಮತಿ 2026ರ ಸೆಪ್ಟೆಂಬರ್ 20ಕ್ಕೆ ಮತ್ತೆ ಬರುತ್ತದೆ. ಭದ್ರಾವತಿಯ ನ್ಯೂಟೌನಿನಲ್ಲೂ ಓದುತ್ತಾರೆ, ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯದಲ್ಲೂ ಓದುತ್ತಾರೆ. ಕೇಳಲು ಕೂತವರಲ್ಲಿ ಕೂಲಿಗೆ ಹೋಗುವವರೂ ಇರುತ್ತಾರೆ, ಕೂಲಿ ಕೊಡುವವರೂ ಇರುತ್ತಾರೆ. ನಮ್ಮಲ್ಲಿ ತೋಟ ಇರುವವರಿದ್ದಾರೆ, ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿದ್ದಾರೆ. ನಮ್ಮ ಸಂಸ್ಥೆಗಳಲ್ಲಿ ಗುತ್ತಿಗೆಯ ಮೇಲೆ ಕಸ ಗುಡಿಸುವವರು, ಗೇಟು ಕಾಯುವವರು ಇದ್ದಾರೆ. ಆ ಭಾನುವಾರ ಪ್ರಸಂಗ ಮಾಡುವ ಗುರುಗಳು ಒಂದೇ ಒಂದು ಪ್ರಶ್ನೆ ಕೇಳಲಿ ಎಂಬುದು ನನ್ನ ಬೇಡಿಕೆ: ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಬಂದವರು ಹನ್ನೊಂದಕ್ಕೆ ಮಳೆ ಹಿಡಿದು ವಾಪಸು ಹೊರಟರೆ, ಅವರ ಕೈಗೆ ನೀವು ಎಷ್ಟು ದುಡ್ಡು ಕೊಟ್ಟು ಕಳಿಸುತ್ತೀರಿ?