ಮೈ ಅವನದು, ಮಾತು ಊರಿನದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಜನವರಿ ಬಂತೆಂದರೆ ಇಪ್ಪತ್ತು, ಇಪ್ಪತ್ತೊಂದರ ಹುಡುಗರು ಒಂದು ದೊಡ್ಡ ತೀರ್ಮಾನ ಮಾಡಬೇಕಾಗುತ್ತದೆ. ಇನ್ನೊಂದು ವರ್ಷ ಕಾಲೇಜಿಗೇ ಆಡುವುದೋ, ಅವಧಿಗೆ ಮುಂಚೆಯೇ ಹೊರಟು, ವೃತ್ತಿ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸುತ್ತು ಸುತ್ತಾಗಿ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಹೆಸರು ಕೊಡುವುದೋ? ಈ ಆಟ ನಮ್ಮಲ್ಲಿ ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಅವುಚಿಕೊಂಡು, ಮೈಗೆ ಮೈ ಗುದ್ದಿ ಮುನ್ನುಗ್ಗುವ ಆಟ. ತೀರ್ಮಾನ ಹುಡುಗನದು, ಆದರೆ ಅದರ ಬಗ್ಗೆ ಮಾತಾಡುವ ಹಕ್ಕು ಎಲ್ಲರಿಗೂ ಇದೆಯೆಂದು ಕೋಚ್‌ಗಳಿಂದ ಹಿಡಿದು ಹಳೆಯ ವಿದ್ಯಾರ್ಥಿಗಳು, ಟಿ.ವಿ. ವಿಶ್ಲೇಷಕರವರೆಗೆ ಎಲ್ಲರೂ ಭಾವಿಸುತ್ತಾರೆ. ಉಳಿದವನು ನಿಯತ್ತಿನವನು, ಹೊರಟವನು ದುಡ್ಡಿನ ಹಿಂದೆ ಬಿದ್ದವನು ಎಂಬ ತೀರ್ಪು ಸುಲಭವಾಗಿ ಬಂದುಬಿಡುತ್ತದೆ. ಈ ತೀರ್ಪು ನನಗೆ ಅನ್ಯಾಯವೆನಿಸುತ್ತದೆ.

ಈ ಮಾತು ಇಂದು ನಿನ್ನೆಯದಲ್ಲ. 1925ರ ನವೆಂಬರ್‌ನಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರೆಡ್ ಗ್ರೇಂಜ್ ತನ್ನ ಕೊನೆಯ ಕಾಲೇಜು ಪಂದ್ಯ ಆಡಿದ ಬೆನ್ನಿಗೇ ಶಿಕಾಗೊ ಬೇರ್ಸ್ ಎಂಬ ವೃತ್ತಿ ತಂಡ ಸೇರಿದ. ಆತನ ಕೋಚ್ ಬಾಬ್ ಜಪ್ಕೆಗೆ ಅದು ಒಪ್ಪಿಗೆಯಾಗಲಿಲ್ಲ. ಜೊತೆಯವರ ಪದವಿ ಮುಗಿಯುವ ತನಕ ಯಾವ ವಿದ್ಯಾರ್ಥಿಯನ್ನೂ ಮುಟ್ಟುವುದಿಲ್ಲವೆಂದು ಲೀಗ್ ಆಮೇಲೆ ನಿಯಮ ಮಾಡಿಕೊಂಡಿತು. ನೂರು ವರ್ಷಗಳಲ್ಲಿ ಆ ನಿಯಮ ಸಡಿಲವಾಗುತ್ತ ಬಂದಿದ್ದರೂ ಪೂರ್ತಿ ಹೋಗಿಲ್ಲ. ಈಗಲೂ ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದೆ ಯಾರೂ ಡ್ರಾಫ್ಟ್‌ಗೆ ಅರ್ಹರಲ್ಲ.

ಮೂರು ವರ್ಷವೆಂದರೆ ಏನೆಂದು ತಿಳಿಯಲು ಮಾರ್ಕಸ್ ಲ್ಯಾಟಿಮೋರ್‌ನನ್ನು ನೆನೆಯಬೇಕು. 2010ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಸೇರಿದ ಈತ ರನ್ನಿಂಗ್ ಬ್ಯಾಕ್. ಅಂದರೆ ಚೆಂಡು ಹಿಡಿದು ಎದುರಾಳಿಗಳ ಗುಂಪಿನೊಳಕ್ಕೇ ನುಗ್ಗುವವನು, ಆಟದಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವವರಲ್ಲೊಬ್ಬ. ಮೊದಲ ವರ್ಷವೇ ಸಾವಿರ ಗಜ ದಾಟಿ ಓಡಿದ. ಎರಡನೆಯ ವರ್ಷ ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಚೇತರಿಸಿಕೊಂಡು ಮತ್ತೆ ಬಂದ. 2012ರ ಅಕ್ಟೋಬರ್‌ನಲ್ಲಿ ಟೆನೆಸೀ ವಿರುದ್ಧದ ಪಂದ್ಯದಲ್ಲಿ ಬಲ ಮೊಣಕಾಲಿಗೆ ಪೆಟ್ಟು ಬಿದ್ದು ಕೀಲೇ ತಪ್ಪಿಹೋಯಿತು. ಎರಡೂ ತಂಡಗಳ ಆಟಗಾರರು ಮೈದಾನಕ್ಕೆ ಬಂದು ಆತನ ಸುತ್ತ ನಿಂತರು. ಮುಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊ ತಂಡ ಅವನನ್ನು ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತು. ಒಂದೇ ಒಂದು ಪಂದ್ಯವನ್ನೂ ಆಡದೆ 2014ರಲ್ಲಿ ಆತ ನಿವೃತ್ತನಾದ. ಈಗ ತಾರೀಖು ಕೂಡಿಸಿ ನೋಡಿ. 2010ರಲ್ಲಿ ಸೇರಿದವನಿಗೆ ಡ್ರಾಫ್ಟ್‌ನ ಬಾಗಿಲು ತೆರೆಯುವುದೇ 2013ಕ್ಕೆ. ಎರಡು ಮೊಣಕಾಲುಗಳೂ ಹೋದದ್ದು, ಹೋಗಬೇಕೋ ಇರಬೇಕೋ ಎಂದು ಕೇಳಿಕೊಳ್ಳುವ ಹಕ್ಕೇ ಅವನಿಗಿಲ್ಲದ ಕಾಲದಲ್ಲಿ. ಆಟದ ಲಾಭ ಪಡೆದವರು ಬಹಳ ಜನ. ನಷ್ಟ ಮಾತ್ರ ಅವನೊಬ್ಬನ ಮೇಲೆ ಬಿತ್ತು.

ಹಾಗಾದರೆ ಎಲ್ಲರೂ ಬೇಗ ಹೊರಡಬೇಕೆ? ಹಾಗೆ ನಾನು ಹೇಳುತ್ತಿಲ್ಲ. ಸ್ಟ್ಯಾನ್‌ಫರ್ಡ್‌ನ ಆ್ಯಂಡ್ರೂ ಲಕ್ 2011ರಲ್ಲಿ ಹೊರಟಿದ್ದರೆ ಮೊದಲನೆಯವನಾಗಿಯೇ ಆಯ್ಕೆಯಾಗುತ್ತಿದ್ದನೆಂದು ಬಹುತೇಕ ಎಲ್ಲರೂ ನಂಬಿದ್ದರು. ಆತ ಉಳಿದ, ವಾಸ್ತುವಿನ್ಯಾಸದ ಪದವಿ ಮುಗಿಸಿದ, 2012ರಲ್ಲಿ ಮೊದಲನೆಯವನಾಗಿಯೇ ಆಯ್ಕೆಯಾದ. ಚೆಂಡು ಎಸೆದು ತಂಡದ ದಾಳಿ ನಡೆಸುವ, ಲಕ್‌ನಂಥ ಕ್ವಾರ್ಟರ್‌ಬ್ಯಾಕ್‌ಗೆ ಇನ್ನೊಂದು ವರ್ಷದ ಆಟವೆಂದರೆ ಇನ್ನೊಂದು ವರ್ಷದ ಕಲಿಕೆ. ರನ್ನಿಂಗ್ ಬ್ಯಾಕ್‌ಗೆ ಅದೇ ವರ್ಷ ನೂರಾರು ಪೆಟ್ಟಿನ ಸವೆತ. ಹೀಗಿರುವಾಗ ಇಬ್ಬರಿಗೂ ಒಂದೇ ಬುದ್ಧಿವಾದ ಹೇಳುವುದು ಹೇಗೆ? ಅದೇ ಲಕ್ ಗಾಯಗಳಿಂದ ಬೇಸತ್ತು 2019ರಲ್ಲಿ, ಇಪ್ಪತ್ತೊಂಬತ್ತಕ್ಕೇ ಆಟ ಬಿಟ್ಟ ಎಂಬುದನ್ನೂ ಮರೆಯಬಾರದು.

ಫಲ ನೋಡಿ ತೀರ್ಮಾನವನ್ನು ಅಳೆಯುವ ಅಭ್ಯಾಸವನ್ನೂ ನಾವು ಬಿಡಬೇಕು. ಓಕ್ಲಹೋಮಾದ ಸ್ಯಾಮ್ ಬ್ರಾಡ್‌ಫರ್ಡ್ 2008ರಲ್ಲಿ ಕಾಲೇಜು ಆಟಗಾರರ ಅತಿ ದೊಡ್ಡ ಗೌರವವಾದ ಹೈಸ್ಮನ್ ಪ್ರಶಸ್ತಿ ಗೆದ್ದೂ ಕಾಲೇಜಿನಲ್ಲೇ ಉಳಿದ. ಮರುವರ್ಷ ಮೊದಲ ಪಂದ್ಯದಲ್ಲೇ ಬಲ ಭುಜಕ್ಕೆ ಏಟಾಯಿತು, ಆ ಋತು ಬಹುಪಾಲು ಹಾಳಾಯಿತು. ಆದರೂ 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಪಡೆದ. ಮರುವರ್ಷವೇ ಲೀಗ್ ಹೊಸಬರ ಸಂಬಳಕ್ಕೆ ಮಿತಿ ಹಾಕಿತು. ಆ ವರ್ಷ ಮೊದಲನೆಯವನಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಬ್ರಾಡ್‌ಫರ್ಡ್ ಜಾಣನೂ ಅಲ್ಲ, ದಡ್ಡನೂ ಅಲ್ಲ. ಅವನ ಭುಜವಾಗಲಿ ಲೀಗ್‌ನ ಸಂಬಳದ ನಿಯಮವಾಗಲಿ ಅವನ ಕೈಯಲ್ಲಿರಲಿಲ್ಲ.

ಓದು ಕೆಡುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು. ಮೊದಲು ಡಿಗ್ರಿ ಮುಗಿಸು, ಆಮೇಲೆ ಏನು ಬೇಕಾದರೂ ಮಾಡು ಎಂಬ ಮಾತನ್ನು ಕೇಳಿಯೇ ಬೆಳೆದವರು ನಾವು. ನಮ್ಮ ಅನಿಲ್ ಕುಂಬ್ಳೆ ಇಂಜಿನಿಯರಿಂಗ್ ಓದುತ್ತಲೇ 1990ರಲ್ಲಿ ಟೆಸ್ಟ್ ಆಡಿದರು. ದೇಶಕ್ಕೆ ಆಡಿದೆ ಎಂದು ಕಾಲೇಜು ಬಿಡಬೇಕಾದ ನಿಯಮ ನಮ್ಮ ಕ್ರಿಕೆಟ್‌ನಲ್ಲಿಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ವೃತ್ತಿ ಆಟಕ್ಕೆ ಹೋಗುವ ದಾರಿ ಹೆಚ್ಚುಕಡಿಮೆ ಕಾಲೇಜಿನ ಮೂಲಕವೇ ಇರುವುದರಿಂದ ಓದು ಮತ್ತು ಅನ್ನ ಎದುರುಬದುರಾಗಿ ನಿಂತಿವೆ. ಆ ಜಗಳ ಹುಡುಗ ಹುಟ್ಟುಹಾಕಿದ್ದಲ್ಲ. ಪದವಿಗೆ ಮರಳಿ ಬರಲೂಬಹುದು. ಎಮಿಟ್ ಸ್ಮಿತ್ 1990ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯ ಬಿಟ್ಟು ಡಲ್ಲಾಸ್ ತಂಡ ಸೇರಿದ, ತಾಯಿಗೆ ಕೊಟ್ಟ ಮಾತಿನಂತೆ 1996ರಲ್ಲಿ ಪದವಿ ಪಡೆದ. ಮೊಣಕಾಲಿಗೆ ಅಂಥ ಎರಡನೇ ಅವಕಾಶವಿಲ್ಲ.

ನಿಷ್ಠೆಯ ಮಾತು ಕೋಚ್‌ಗಳ ಬಾಯಲ್ಲಿ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 2021ರ ನವೆಂಬರ್ ಕೊನೆಯಲ್ಲಿ, ತನ್ನ ತಂಡಕ್ಕೆ ಚಾಂಪಿಯನ್‌ಷಿಪ್ ಸುತ್ತಿನ ಆಸೆ ಇನ್ನೂ ಇರುವಾಗಲೇ, ಕೋಚ್ ಬ್ರಯಾನ್ ಕೆಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯ ಬಿಟ್ಟು ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಹೋದರು. ಹತ್ತು ವರ್ಷಕ್ಕೆ 9.5 ಕೋಟಿ ಡಾಲರ್‌ನ ಒಪ್ಪಂದ. ದೊಡ್ಡವರಿಗೆ ಇದು ವೃತ್ತಿ, ಹುಡುಗನಿಗೆ ಮಾತ್ರ ದ್ರೋಹ!

ಕಾನೂನೂ ಹುಡುಗನ ಕೈ ಹಿಡಿಯಲಿಲ್ಲ. ಒಹಾಯೊ ಸ್ಟೇಟ್ ತಂಡದ ಮಾರಿಸ್ ಕ್ಲಾರೆಟ್ ಮೊದಲ ವರ್ಷದಲ್ಲೇ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟವನು. ಮೂರು ವರ್ಷದ ನಿಯಮದ ವಿರುದ್ಧ ಕೋರ್ಟಿಗೆ ಹೋಗಿ 2004ರ ಫೆಬ್ರುವರಿಯಲ್ಲಿ ಗೆದ್ದ, ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತ. ಆ ತೀರ್ಪು ಬರೆದವರು ಮುಂದೆ ಸುಪ್ರೀಂ ಕೋರ್ಟ್‌ಗೆ ಹೋದ ಸೋನಿಯಾ ಸೊಟೊಮಯೋರ್. ಡ್ರಾಫ್ಟ್‌ಗೆ ಯಾರು ಅರ್ಹರೆಂಬುದು ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಸಾಮೂಹಿಕ ಚೌಕಾಸಿಯ ವಿಷಯ, ಸ್ಪರ್ಧಾ ಕಾನೂನು ಅಲ್ಲಿಗೆ ಬರುವುದಿಲ್ಲ ಎಂಬುದು ತೀರ್ಪಿನ ತಿರುಳು. ಕಾರ್ಮಿಕ ಕಾನೂನಿನ ಕಣ್ಣಿಗೆ ಅದು ಸರಿಯೇ ಇರಬಹುದು. ಆದರೆ ಸಂಘದಲ್ಲಿರುವವರು ಈಗಾಗಲೇ ತಂಡಗಳಲ್ಲಿ ಜಾಗ ಹಿಡಿದವರು. ಹೊರಗೆ ಕಾಯುವ ಹುಡುಗನಿಗೆ ಅಲ್ಲಿ ಓಟಿಲ್ಲ. ಕ್ಲಾರೆಟ್ ಮುಂದೆ ದಾರಿ ತಪ್ಪಿ ಜೈಲಿಗೆ ಹೋದದ್ದನ್ನು ತೋರಿಸಿ ನಿಯಮವನ್ನು ಸಮರ್ಥಿಸುವವರಿದ್ದಾರೆ. ಆಟವಿಲ್ಲದೆ ಎರಡು ಋತು ಕಳೆದದ್ದು ಅವನನ್ನು ಎಲ್ಲಿಗೆ ತಳ್ಳಿತೆಂದು ಅವರು ಕೇಳುವುದಿಲ್ಲ.

2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸಬಹುದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹೀಗೆ ದುಡ್ಡು ಬರತೊಡಗಿದ ಮೇಲೆ ಆದದ್ದು ನೋಡಿ: ಅವಧಿಗೆ ಮುಂಚೆ ಹೊರಡುವವರ ಸಂಖ್ಯೆ ಇಳಿಯಿತು. ನಿಷ್ಠೆಯ ಉಪದೇಶ ದಶಕಗಳಲ್ಲಿ ಮಾಡಲಾಗದ್ದನ್ನು ಕೂಲಿ ಕೆಲವೇ ವರ್ಷಗಳಲ್ಲಿ ಮಾಡಿತು. ಹಿಂದೆ ಹೊರಟವರಲ್ಲಿ ಬಹಳ ಮಂದಿ ದುರಾಸೆಯಿಂದ ಹೊರಟವರಲ್ಲ, ದುಡಿಮೆಗೆ ಬೆಲೆ ಸಿಗುವ ಕಡೆ ಹೋದವರು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಲೆಕ್ಕ ತಪ್ಪುವವರು ಈಗಲೂ ಇದ್ದಾರೆ. ಟೆಕ್ಸಸ್‌ನ ಕ್ವಿನ್ ಯೂಅರ್ಸ್ 2025ರಲ್ಲಿ ಇನ್ನೊಂದು ವರ್ಷದ ಆಟ ಬಾಕಿಯಿರುವಾಗಲೇ ಹೊರಟು, ಏಳನೇ ಸುತ್ತಿನಲ್ಲಿ 231ನೆಯವನಾಗಿ ಆಯ್ಕೆಯಾದ.

ಅಂಥ ತಪ್ಪಿಗೆ ವ್ಯವಸ್ಥೆಯೇ ಎಡೆ ಮಾಡಿಕೊಡುತ್ತದೆ. ಹೆಸರು ಕೊಡುವ ಗಡುವು ಜನವರಿಯ ನಡುವಿಗೆ. ಹುಡುಗರ ಓಟ, ಜಿಗಿತ, ಮೈಕಟ್ಟು, ಹಳೆಯ ಗಾಯಗಳನ್ನೆಲ್ಲ ತಂಡಗಳು ಒಟ್ಟಾಗಿ ಪರೀಕ್ಷಿಸುವ ಶಿಬಿರ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವುದು ಆಮೇಲೆ. ಗಡುವಿಗೆ ಮುಂಚೆ ಸಿಗುವುದೆಂದರೆ ಲೀಗ್‌ನ ಸಲಹಾ ಸಮಿತಿಯ ಒಂದು ಅಂದಾಜು: ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವಾದರೆ ಕಾಲೇಜಿನಲ್ಲೇ ಉಳಿ. ಬ್ಯಾಸ್ಕೆಟ್‌ಬಾಲ್ ಹುಡುಗರು ಹೆಸರು ಕೊಟ್ಟು, ತಂಡಗಳ ಮುಂದೆ ಆಡಿ ತೋರಿಸಿ, ತಮ್ಮ ಬೆಲೆ ತಿಳಿದುಕೊಂಡು, ಗಡುವಿನೊಳಗೆ ಹೆಸರು ಹಿಂದಕ್ಕೆ ಪಡೆದು ಕಾಲೇಜಿಗೆ ಮರಳಬಹುದು. ಫುಟ್‌ಬಾಲ್ ಹುಡುಗರಿಗೂ ಅಷ್ಟು ಸಿಗಬೇಕು. ಶಿಬಿರ ಮುಗಿದ ಮೇಲೆ ಎರಡು ವಾರ ಯೋಚಿಸಲು ಸಮಯ, ಯಾರೂ ಆರಿಸಿಕೊಳ್ಳದಿದ್ದರೆ ಮತ್ತೆ ತನ್ನ ಕಾಲೇಜಿಗೆ ಆಡುವ ಹಕ್ಕು. ಇಷ್ಟನ್ನು ಕೊಡಲು ಲೀಗ್‌ಗಾಗಲಿ ವಿಶ್ವವಿದ್ಯಾಲಯಗಳಿಗಾಗಲಿ ದೊಡ್ಡ ಖರ್ಚೇನೂ ಇಲ್ಲ.